ಓರಿಯೆಂಟೇಶನ್ ದಿನ ಕ್ಲಾಸ್ ರಿಜಿಸ್ಟರ್ ಮಾಡೋದು: ಕೆಮಿಸ್ಟ್ರಿ ಲ್ಯಾಬ್ ಸಿಗಲಿಲ್ಲ, ಈಗೇನು ಮಾಡಬೇಕು?

ಫ್ರಿಸ್ಕೋ ಅಮ್ಮ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾವಿರೋದು ಟೆಕ್ಸಾಸ್‌ನ ಫ್ರಿಸ್ಕೋದಲ್ಲಿ. ಮಗಳು ಈ ಆಗಸ್ಟ್‌ನಲ್ಲಿ ಕಾಲೇಜಿಗೆ ಸೇರುತ್ತಿದ್ದಾಳೆ. ಮನೆಯಿಂದ ಮೂರು ಗಂಟೆ ದಾರಿ, ದೊಡ್ಡ ಸರ್ಕಾರಿ ಯೂನಿವರ್ಸಿಟಿ. ಬಯೋಕೆಮಿಸ್ಟ್ರಿ ಮೇಜರ್, ಮುಂದೆ ಮೆಡಿಕಲ್ ಓದಬೇಕು ಅಂತ ಆಸೆ. ಮೊನ್ನೆ ಗುರುವಾರ, ಶುಕ್ರವಾರ ಓರಿಯೆಂಟೇಶನ್ ಮುಗಿಸಿಕೊಂಡು ಬಂದೆವು. ಅಲ್ಲಿ ಆಗಿದ್ದನ್ನು ಹೇಳಿ ಒಂದು ಪ್ರಶ್ನೆ ಕೇಳಬೇಕು.

ನಾನು ಬಿಎಸ್ಸಿ ಮಾಡಿದ್ದು ತುಮಕೂರಿನಲ್ಲಿ. ಸೇರುವಾಗ ಪಿಸಿಎಂ ಅಂತ ಒಂದು ಸಲ ಬರೆದುಕೊಟ್ಟರೆ ಮೂರು ವರ್ಷಕ್ಕೂ ಅದೇ. ಟೈಮ್ ಟೇಬಲ್ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು, ನಾವು ಬರೆದುಕೊಂಡು ಬರುತ್ತಿದ್ದೆವು. ಇಲ್ಲಿ ಹದಿನೆಂಟು ವರ್ಷದ ಮಕ್ಕಳು ತಮ್ಮ ಟೈಮ್ ಟೇಬಲ್ ತಾವೇ ಕಟ್ಟಿಕೊಳ್ಳಬೇಕು. ಯಾವ ಕ್ಲಾಸು, ಯಾವ ಸೆಕ್ಷನ್ನು, ಎಷ್ಟು ಗಂಟೆಗೆ, ಯಾವ ಬಿಲ್ಡಿಂಗು, ಎಲ್ಲ. ಇದಕ್ಕೆ ಸಿಗೋದು ಎರಡನೇ ದಿನ ಮಧ್ಯಾಹ್ನದ ಒಂದೆರಡು ಗಂಟೆ.

ನಾವು ತಯಾರಾಗದೆ ಹೋಗಿರಲಿಲ್ಲ. ಮಗಳು ಎರಡು ವಾರ ಕೂತು ಪಟ್ಟಿ ಮಾಡಿದ್ದಳು. ಕೆಮಿಸ್ಟ್ರಿ 1 ಮೂರು ಕ್ರೆಡಿಟ್, ಅದರ ಲ್ಯಾಬ್ ಒಂದು ಕ್ರೆಡಿಟ್, ಕ್ಯಾಲ್ಕುಲಸ್ 2 ನಾಲ್ಕು, ಬಯಾಲಜಿ ಮೂರು, ಗೌರ್ನಮೆಂಟ್ ಮೂರು. ಒಟ್ಟು 14. ಅವಳ ಅಪ್ಪನಿಗೆ ಇನ್ನೊಂದು ಕ್ಲಾಸು ಸೇರಿಸಿ 17 ಮಾಡಲಿ ಅಂತ. ಆ ಮಾತು ಕಾರಿನಲ್ಲಿ ಹೋಗುವಾಗಲೂ ಮುಗಿದಿರಲಿಲ್ಲ.

ಮಕ್ಕಳನ್ನು ಒಂದು ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದರು, ನಮ್ಮನ್ನು ಬೇರೆ ಹಾಲ್‌ನಲ್ಲಿ ಕೂರಿಸಿದರು. ಅಲ್ಲಿ ಫೆರ್ಪಾ ಕಾನೂನಿನ ವಿಷಯ ಹೇಳುತ್ತಿದ್ದರು. 1974ರ ಕಾನೂನು. ಕಾಲೇಜಿಗೆ ಸೇರಿದ ಮೇಲೆ ಮಾರ್ಕ್ಸು, ರೆಕಾರ್ಡು ಎಲ್ಲದರ ಹಕ್ಕು ಮಕ್ಕಳದ್ದು. ಅವರು ಒಪ್ಪಿ ಸಹಿ ಹಾಕದಿದ್ದರೆ ಫೀಸು ಕಟ್ಟುವ ನಮಗೂ ಹೇಳಬೇಕಾಗಿಲ್ಲವಂತೆ. ಅದೇ ಹೊತ್ತಿಗೆ ಮೆಸೇಜ್ ಬಂತು: ‘ಅಮ್ಮ, ನನಗೆ ಹೋಲ್ಡ್ ಇದೆ. ಏನೂ ಕ್ಲಿಕ್ ಆಗ್ತಿಲ್ಲ.’

ಹೋಲ್ಡ್ ಅಂದರೆ ರಿಜಿಸ್ಟರ್ ಮಾಡದಂತೆ ಹಾಕಿದ ತಡೆ. ಅದು ಇದ್ದದ್ದು ಮೆನಿಂಜೈಟಿಸ್ ಲಸಿಕೆಗೆ. ಲಸಿಕೆ ಹಾಕಿಸಿರಲಿಲ್ಲ ಅಂತಲ್ಲ. ಹನ್ನೊಂದನೇ ವಯಸ್ಸಿಗೆ ಒಂದು, ಹದಿನಾರಕ್ಕೆ ಬೂಸ್ಟರ್, ಎರಡೂ ಆಗಿದೆ. ಆದರೆ ಅಪ್‌ಲೋಡ್ ಮಾಡಿದ ಪುಟದಲ್ಲಿ ಮೊದಲನೆಯದು ಮಾತ್ರ ಇತ್ತು. ಟೆಕ್ಸಾಸ್‌ನಲ್ಲಿ 22 ವರ್ಷದೊಳಗಿನ ಹೊಸ ವಿದ್ಯಾರ್ಥಿಗೆ ಕಳೆದ ಐದು ವರ್ಷದಲ್ಲಿ ಹಾಕಿಸಿದ ಲಸಿಕೆಯೇ ಆಗಬೇಕು. ನಾನು ಹಾಲ್‌ನಿಂದ ಹೊರಗೆ ಬಂದು, ಗೋಡೆಗೆ ಒರಗಿ ನಿಂತು, ಡಾಕ್ಟರ್ ಆಫೀಸಿಗೆ ಫೋನ್ ಮಾಡಿ ಎರಡನೇ ಪುಟ ತರಿಸಿ ಕಳಿಸಿದೆ. ಹೋಲ್ಡ್ ತೆಗೆಯುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು. ಮಗಳ ಪಕ್ಕದ ಹುಡುಗಿಯ ಸ್ಕ್ರೀನ್‌ನಲ್ಲಿ ಆ ಲ್ಯಾಬಿನ ಸೀಟು ಮೂರು ಅಂತ ಇದ್ದದ್ದು ಎರಡಾಗಿ, ಒಂದಾಗಿ, ಕೊನೆಗೆ ಸೊನ್ನೆ ಆಯಿತಂತೆ. ಇವಳು ನೋಡುತ್ತಾ ಕೂತಿದ್ದಳು.

ಈಗ ಕೆಮಿಸ್ಟ್ರಿ ಕ್ಲಾಸ್ ಸಿಕ್ಕಿದೆ, ಲ್ಯಾಬ್ ವೇಟ್‌ಲಿಸ್ಟ್‌ನಲ್ಲಿ 6ನೇ ನಂಬರ್. ಒಟ್ಟು 13 ಕ್ರೆಡಿಟ್. ಕಾಯುವುದಾ? ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೆ 5ಕ್ಕೆ 4 ಬಂದಿದೆ, ಆ ಕ್ರೆಡಿಟ್ ತಗೊಂಡು ಕೆಮಿಸ್ಟ್ರಿ 1 ಬಿಟ್ಟೇ ಬಿಡುವುದಾ? ಎರಡು ದಿನದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

---

ಸಕಲೇಶಪುರ77 · ಭಾನುವಾರ ರಾತ್ರಿ 11:15

ಮೇಡಂ, ಚಿಂತೆ ಮಾಡಬೇಡಿ. ನಮ್ಮ ಮಗ ಹ್ಯೂಸ್ಟನ್‌ನಲ್ಲಿ ಓದಿ ಮೂರೇ ವರ್ಷಕ್ಕೆ ಡಿಗ್ರಿ ಮುಗಿಸಿದ. ಎಪಿ ಕ್ರೆಡಿಟ್ ಎಲ್ಲಾ ತಗೊಂಡೆವು, ಒಂದನ್ನೂ ಬಿಡಲಿಲ್ಲ. ಡಿಗ್ರಿಗೆ 120 ಕ್ರೆಡಿಟ್ ಬೇಕು. ಸೆಮಿಸ್ಟರಿಗೆ 15ರಂತೆ ನಾಲ್ಕು ವರ್ಷ. 30 ಕ್ರೆಡಿಟ್ ಎಪಿಯಿಂದಲೇ ಬಂದರೆ ಒಂದು ವರ್ಷದ ಫೀಸು, ಹಾಸ್ಟೆಲ್ ಖರ್ಚು ಉಳಿಯುತ್ತದೆ. ಅದು ಸಣ್ಣ ದುಡ್ಡಲ್ಲ. ನಿಮ್ಮ ಯಜಮಾನರು ಹೇಳುವುದರಲ್ಲಿ ತಪ್ಪಿಲ್ಲ. ಬುದ್ಧಿವಂತ ಮಗು, 17 ತಗೊಳ್ಳಲಿ.

---

ಮೂರನೇ ವರ್ಷ · ಭಾನುವಾರ ಮಧ್ಯರಾತ್ರಿ 12:05

ಆಂಟಿ, ನಾನು ಇಲ್ಲೇ ಹುಟ್ಟಿ ಬೆಳೆದವನು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಬರೆಯೋದು ಕಲಿತೆ, ತಪ್ಪಿದ್ದರೆ ಕ್ಷಮಿಸಿ. ಈಗ ಜೂನಿಯರ್, ಅಂದರೆ ಕಾಲೇಜಿನ ಮೂರನೇ ವರ್ಷ.

ನಾನು ಮೊದಲನೇ ಸೆಮಿಸ್ಟರ್ 18 ಕ್ರೆಡಿಟ್ ತಗೊಂಡಿದ್ದೆ. ಎಪಿ ಕ್ಯಾಲ್ಕುಲಸ್ ‘ಬಿ.ಸಿ.’ ಪರೀಕ್ಷೆಯಲ್ಲಿ 5 ಬಂದಿತ್ತು ಅಂತ ನೇರವಾಗಿ ಮಲ್ಟಿವೇರಿಯೇಬಲ್ ಕ್ಯಾಲ್ಕುಲಸ್‌ಗೆ ಹೋದೆ. ಲೆಕ್ಕ ಬರುತ್ತಿತ್ತು, ಅದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಬೇರೆ. ಬಟ್ಟೆ ಒಗೆಯೋದು, ಊಟದ ಟೈಮು, ರೂಮ್‌ಮೇಟು, ರಾತ್ರಿ ಎರಡು ಗಂಟೆವರೆಗೆ ಎದ್ದಿರೋ ಫ್ಲೋರು. ಬೆಳಿಗ್ಗೆ ಎಂಟರ ಕ್ಲಾಸ್ ಹಾಕಿಕೊಂಡಿದ್ದೆ. ಹೈಸ್ಕೂಲಿನಲ್ಲಿ ಆರಕ್ಕೆ ಏಳುತ್ತಿದ್ದೆನಲ್ಲ, ಎಂಟು ಏನು ಮಹಾ ಅಂದುಕೊಂಡೆ. ಹೈಸ್ಕೂಲಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದು ಅಮ್ಮ. ಅಕ್ಟೋಬರ್ ಹೊತ್ತಿಗೆ ಎರಡು ಕ್ಲಾಸ್ ಡ್ರಾಪ್ ಮಾಡಿದೆ. ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್‌ವರೆಗೂ ಹೇಳಲಿಲ್ಲ.

ನಿಮ್ಮ ಮಗಳು 14 ಅಂತ ಬರೆದುಕೊಂಡು ಹೋಗಿದ್ದರೆ ಅದನ್ನು ಹಾಗೇ ಬಿಡಿ ಪ್ಲೀಸ್.

ಕ್ಯಾಲ್ಕುಲಸ್ 2ಕ್ಕೆ ಹೋಗೋದು ಸರೀನಾ ಅಂತ ಅವಳಿಗೇ ಅನುಮಾನ ಇದ್ದರೆ ಒಂದು ದಾರಿ ಇದೆ. ಎಷ್ಟೋ ಮ್ಯಾಥ್ಸ್ ಡಿಪಾರ್ಟ್‌ಮೆಂಟ್‌ಗಳು ಹಳೇ ಫೈನಲ್ ಪ್ರಶ್ನೆಪತ್ರಿಕೆ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಆ ಕಾಲೇಜಿನ ಕ್ಯಾಲ್ಕುಲಸ್ 1 ಫೈನಲ್ ತಗೊಂಡು ಟೈಮ್ ಇಟ್ಟುಕೊಂಡು ಮಾಡಲಿ. ಆರಾಮಾಗಿ ಬಂದರೆ ಮುಂದೆ ಹೋಗಬಹುದು. ಒದ್ದಾಡಿದರೆ ಕ್ಯಾಲ್ಕುಲಸ್ 1 ಮತ್ತೆ ತಗೊಂಡರೂ ನಷ್ಟ ಇಲ್ಲ.

---

ಧಾರವಾಡದಾಕಿ · ಸೋಮವಾರ ಬೆಳಿಗ್ಗೆ 7:30

ನೋಡ್ರಿ, ನಾನು ಟೆಕ್ಸಾಸ್‌ನ ಒಂದು ಸರ್ಕಾರಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅಕಾಡೆಮಿಕ್ ಅಡ್ವೈಸರ್. ಪ್ರತಿ ಬೇಸಿಗೆ ಇದೇ ಕೆಲಸ. ಒಂದೊಂದೇ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. ಆ ಲ್ಯಾಬು ಕೆಮಿಸ್ಟ್ರಿ 1ರ ಜೊತೆಗೇ ಆಗಬೇಕಾ, ಆಮೇಲೆ ಮಾಡಿದರೂ ನಡೆಯುತ್ತಾ? ಟೆಕ್ಸಾಸ್‌ನ ತುಂಬಾ ಕಾಲೇಜುಗಳಲ್ಲಿ ಕ್ಲಾಸು, ಲ್ಯಾಬು ಎರಡಕ್ಕೂ ಬೇರೆ ಬೇರೆ ನಂಬರ್ ಇರುತ್ತದೆ. ರಾಜ್ಯದ ಸಾಮಾನ್ಯ ನಂಬರಿನಲ್ಲಿ ಕೆಮಿಸ್ಟ್ರಿ 1311 ಅಂದರೆ ಕ್ಲಾಸು, 1111 ಅಂದರೆ ಲ್ಯಾಬು. ಎರಡನೇ ಅಂಕಿ ಎಷ್ಟು ಕ್ರೆಡಿಟ್ ಅಂತ ಹೇಳುತ್ತದೆ. ಕೆಲವು ಕಡೆ ಎರಡನ್ನೂ ಒಟ್ಟಿಗೇ ತಗೋಬೇಕು ಅಂತ ಇರುತ್ತದೆ. ಕೆಲವು ಕಡೆ ಲ್ಯಾಬನ್ನು ಮುಂದಿನ ಸೆಮಿಸ್ಟರಿಗೆ ಹಾಕಬಹುದು. ಒಟ್ಟಿಗೇ ಬೇಕು ಅಂತಿದ್ದರೆ ಸಾಮಾನ್ಯವಾಗಿ ಲ್ಯಾಬಿಲ್ಲದೆ ಕ್ಲಾಸಿಗೆ ಸೇರೋದಕ್ಕೇ ಸಿಸ್ಟಮ್ ಬಿಡೋದಿಲ್ಲ. ನಿಮ್ಮ ಮಗಳಿಗೆ ಬಿಟ್ಟಿದೆ ಅಂದರೆ ಎರಡನೇ ತರಹ ಇರಬೇಕು. ಕ್ಯಾಟಲಾಗ್ ತೆಗೆದು ಆ ಕೋರ್ಸಿನ ಕೆಳಗಿನ ಸಣ್ಣ ಅಕ್ಷರ ಓದಿ.

ನಿಜವಾಗಿ ತಪ್ಪಿಸಿಕೊಳ್ಳಬಾರದ್ದು ಕ್ಲಾಸು. ಕೆಮಿಸ್ಟ್ರಿ 1 ಆದ ಮೇಲೆ 2, ಅದಾದ ಮೇಲೆ ಆರ್ಗ್ಯಾನಿಕ್, ಅದಾದ ಮೇಲೆ ಬಯೋಕೆಮಿಸ್ಟ್ರಿ. ಮೊದಲನೆಯದು ಜಾರಿದರೆ ಎಲ್ಲವೂ ಒಂದೊಂದು ಸೆಮಿಸ್ಟರ್ ಜಾರುತ್ತದೆ. ಅದು ಸಿಕ್ಕಿದೆ ಅಲ್ವಾ, ಅಲ್ಲಿಗೆ ದೊಡ್ಡ ಕೆಲಸ ಆಯಿತು.

ಈಗ ವೇಟ್‌ಲಿಸ್ಟ್. 6ನೇ ನಂಬರ್ ಅಂದರೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಕ್ಲಾಸ್ ಎಷ್ಟು ದೊಡ್ಡದು ಅನ್ನೋದರ ಮೇಲೆ ಹೋಗುತ್ತದೆ. 300 ಜನರ ಲೆಕ್ಚರ್‌ನಲ್ಲಿ 6 ಅಂದರೆ ಹೆಚ್ಚುಕಮ್ಮಿ ಸಿಕ್ಕ ಹಾಗೆ. 24 ಜನರ ಲ್ಯಾಬಿನಲ್ಲಿ 6 ಅಂದರೆ ಕಷ್ಟ. ಲ್ಯಾಬಿನಲ್ಲಿ ಬೆಂಚು ಇದ್ದಷ್ಟೇ ಜನ, ಇನ್ನೊಂದು ಕುರ್ಚಿ ಹಾಕಿ ಕೂರಿಸೋಕಾಗಲ್ಲ. ಆದರೆ ಸೀಟು ಬಿಡುಗಡೆಯಾಗುವ ಕಾಲ ಅಂತ ಇರುತ್ತದೆ. ಒಂದು, ಎಷ್ಟೋ ಕಾಲೇಜುಗಳು ಓರಿಯೆಂಟೇಶನ್ ಬ್ಯಾಚಿಗೆ ಇಷ್ಟಿಷ್ಟು ಅಂತ ಸೀಟು ಹಿಡಿದಿಟ್ಟಿರುತ್ತವೆ. ಕೊನೇ ಬ್ಯಾಚ್ ಮುಗಿದ ಮೇಲೆ ಉಳಿದದ್ದು ಎಲ್ಲರಿಗೂ ತೆರೆಯುತ್ತದೆ. ಎರಡು, ಫೀಸು ಕಟ್ಟುವ ಕೊನೇ ದಿನದ ಮಾರನೇ ಬೆಳಿಗ್ಗೆ. ಕಟ್ಟದವರನ್ನು ತೆಗೆಯುವ ಕಾಲೇಜುಗಳಲ್ಲಿ ಅವತ್ತು ರಾಶಿ ಸೀಟು ಖಾಲಿಯಾಗುತ್ತದೆ. ಮೂರು, ಮೊದಲನೇ ವಾರ.

ಒಂದು ಮಾತು ನೆನಪಿರಲಿ. ವೇಟ್‌ಲಿಸ್ಟ್‌ನಲ್ಲಿರುವ ಲ್ಯಾಬಿನ ಟೈಮಿಗೆ ಬೇರೆ ಕ್ಲಾಸು ಅಡ್ಡ ಬಂದರೆ, ಸರದಿ ಬಂದರೂ ಸಿಸ್ಟಮ್ ಸೇರಿಸೋದಿಲ್ಲ, ಮುಂದಿನವರಿಗೆ ಹೋಗುತ್ತದೆ. ಎಷ್ಟು ಮಕ್ಕಳು ಹೀಗೆ ಸೀಟು ಕಳ್ಕೊಂಡು ಅಳುತ್ತಾ ನನ್ನ ಹತ್ತಿರ ಬಂದಿದ್ದಾರೆ ಅಂತ ಲೆಕ್ಕವಿಲ್ಲ.

ಇನ್ನು ಎಪಿ. ಸಕಲೇಶಪುರದ ಸರ್, ನಿಮ್ಮ ಮಗನಿಗೆ ಒಳ್ಳೆಯದಾಗಿದೆ, ಸಂತೋಷ. ಆದರೆ ಮೆಡಿಕಲ್‌ಗೆ ಹೋಗುವ ಮಕ್ಕಳಿಗೆ ಲೆಕ್ಕ ಬೇರೆ. ಕೆಲವು ಮೆಡಿಕಲ್ ಸ್ಕೂಲ್‌ಗಳು ಕೆಮಿಸ್ಟ್ರಿ, ಬಯಾಲಜಿಗೆ ಎಪಿ ಒಪ್ಪೋದಿಲ್ಲ, ಇಲ್ಲವೇ ಅದರ ಮೇಲಿನ ಕೋರ್ಸನ್ನು ಕಾಲೇಜಿನಲ್ಲೇ ಮಾಡಿರಬೇಕು ಅಂತ ಕೇಳುತ್ತವೆ. ಟೆಕ್ಸಾಸ್ ಯೂನಿವರ್ಸಿಟಿ ಆಸ್ಟಿನ್, ಟೆಕ್ಸಾಸ್ ಎ ಅಂಡ್ ಎಂನಂಥ ಕಡೆ ಎಪಿ ಸ್ಕೋರ್ ಬಂದ ಮಾತ್ರಕ್ಕೆ ಅದು ಕ್ರೆಡಿಟ್ ಆಗೋದಿಲ್ಲ. ವಿದ್ಯಾರ್ಥಿ ತಾನೇ ಕೇಳಿ ಪಡೆಯಬೇಕು. ಇದು ಮಕ್ಕಳಿಗೆ ಇರುವ ಅನುಕೂಲ. ಆದ್ದರಿಂದ ಅವಸರದಲ್ಲಿ ಎಲ್ಲದಕ್ಕೂ ಒತ್ತಬೇಡಿ. ಯುಎಸ್ ಹಿಸ್ಟರಿ, ಇಂಗ್ಲಿಷ್ ಇದ್ದರೆ ಧಾರಾಳವಾಗಿ ತಗೊಳ್ಳಿ. ಇಲ್ಲಿನ ಸರ್ಕಾರಿ ಕಾಲೇಜುಗಳಲ್ಲಿ ಹಿಸ್ಟರಿ 6 ಕ್ರೆಡಿಟ್, ಗೌರ್ನಮೆಂಟ್ 6 ಕ್ರೆಡಿಟ್ ಎಲ್ಲರಿಗೂ ಕಡ್ಡಾಯ, ಎಂಜಿನಿಯರಿಂಗ್ ಆದರೂ ಸಂಗೀತ ಆದರೂ. ಕೆಮಿಸ್ಟ್ರಿಯದ್ದು ಮಾತ್ರ ಪ್ರಿ-ಮೆಡ್ (ಮೆಡಿಕಲ್‌ಗೆ ತಯಾರಾಗುವವರ) ಅಡ್ವೈಸರ್ ಹತ್ತಿರ ಮಾತಾಡುವವರೆಗೆ ಮುಟ್ಟಬೇಡಿ.

ಕೊನೆಯದು ಎಲ್ಲ ಟೆಕ್ಸಾಸ್ ಅಪ್ಪ ಅಮ್ಮಂದಿರಿಗೆ. ‘ಜಾಸ್ತಿ ತಗೊಳ್ಳಲಿ, ಆಗದಿದ್ದರೆ ಡ್ರಾಪ್ ಮಾಡಿದರಾಯಿತು’ ಅಂತ ಹೇಳುವ ಮುಂಚೆ ಇದನ್ನು ತಿಳಿದಿರಿ. ಸೆಮಿಸ್ಟರಿನ 12ನೇ ಕ್ಲಾಸ್ ದಿನದೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣೋದಿಲ್ಲ. ಆಮೇಲೆ ಬಿಟ್ಟರೆ ‘ಡಬ್ಲ್ಯೂ’, ಅಂದರೆ ಕ್ಲಾಸ್ ಬಿಟ್ಟ ಗುರುತು, ಬೀಳುತ್ತದೆ. 2007ರಿಂದ ಈಚೆಗೆ ಸೇರಿದವರಿಗೆ ಇಡೀ ಡಿಗ್ರಿಯಲ್ಲಿ ಇಂಥ ಡ್ರಾಪ್ ಆರು ಮಾತ್ರ. ಕಾಯಿಲೆ, ಮನೆಯಲ್ಲಿ ಸಾವು, ಇಂಥದ್ದಕ್ಕೆ ವಿನಾಯಿತಿ ಇದೆ. ಮೊದಲನೇ ಸೆಮಿಸ್ಟರಿನಲ್ಲೇ ಎರಡು ಕಳ್ಕೊಂಡರೆ ಮುಂದೆ ನಿಜವಾಗಿ ಬೇಕಾದಾಗ ಕೈ ಕಟ್ಟಿಹೋಗುತ್ತದೆ.

---

ಸಕಲೇಶಪುರ77 · ಸೋಮವಾರ ಬೆಳಿಗ್ಗೆ 8:50

ಅಕ್ಕ, ಆರು ಡ್ರಾಪ್ ವಿಷಯ ನನಗೆ ಗೊತ್ತಿರಲಿಲ್ಲ. ನಮ್ಮವನದು ಕಂಪ್ಯೂಟರ್ ಸೈನ್ಸ್, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿದೆ. ಪ್ರಿ-ಮೆಡ್‌ಗೆ ಅದು ಹೊಂದೋದಿಲ್ಲ ಅಂತ ಈಗ ಅರ್ಥ ಆಯಿತು. ಆದರೂ ದುಡ್ಡಿನ ಮಾತು ಬಿಡೋಕಾಗಲ್ಲ. ಮನೆಯಲ್ಲಿ ಒಬ್ಬರದೇ ಸಂಬಳ, ಹಿಂದೆ ಇನ್ನೊಂದು ಮಗು. ಒಂದು ವರ್ಷ ಉಳಿದದ್ದು ನಮಗೆ ದೊಡ್ಡ ಆಸರೆ ಆಯಿತು. ಮೇಜರ್‌ಗೆ ಸಂಬಂಧವಿಲ್ಲದ ಎಪಿ ಕ್ರೆಡಿಟ್ ಆದರೂ ಬಿಡಬೇಡಿ ಮೇಡಂ.

---

ಅವರೆಬೇಳೆ · ಸೋಮವಾರ ಬೆಳಿಗ್ಗೆ 9:20

ನಾವು ಕ್ಯಾಲಿಫೋರ್ನಿಯಾ. ಇಲ್ಲಿ ಬರ್ಕ್ಲಿ, ಮರ್ಸೆಡ್ ಬಿಟ್ಟು ಉಳಿದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕ್ಯಾಂಪಸ್‌ಗಳಲ್ಲಿ ಓದುವ ಮಕ್ಕಳಿಗೆ ಕ್ವಾರ್ಟರ್ ಪದ್ಧತಿ, ಹತ್ತು ವಾರಕ್ಕೆ ಕ್ಲಾಸ್ ಮುಗಿದೇ ಹೋಗುತ್ತದೆ. ಮೂರನೇ ವಾರಕ್ಕೆ ಮೊದಲ ಮಿಡ್‌ಟರ್ಮ್ ಬಂದರೂ ಆಶ್ಚರ್ಯವಿಲ್ಲ. ಸೆಮಿಸ್ಟರ್ ಲೆಕ್ಕದ ಸಲಹೆಯನ್ನು ಇಲ್ಲಿನವರು ಹಾಗೇ ತಗೋಬೇಡಿ. ಮಗಳು ಮೊದಲನೇ ಕ್ವಾರ್ಟರ್‌ಗೆ ಮೂರೇ ಕ್ಲಾಸ್ ತಗೊಂಡಳು, ಸಾಕಾಯಿತು.

ಇನ್ನೊಂದು, ಮ್ಯಾಪ್ ನೋಡಿ. ಹತ್ತು ನಿಮಿಷದ ಬಿಡುವು ಅಂತ ಇರುತ್ತದೆ. ಎರಡು ಬಿಲ್ಡಿಂಗ್ ನಡುವೆ ಹದಿನೇಳು ನಿಮಿಷ ನಡಿಗೆ ಇರುತ್ತದೆ. ನಾವು ಓರಿಯೆಂಟೇಶನ್ ಸಂಜೆ ಮಗಳ ಟೈಮ್ ಟೇಬಲ್ ಹಿಡಿದು ಕ್ಲಾಸಿಂದ ಕ್ಲಾಸಿಗೆ ನಡೆದೇ ನೋಡಿದೆವು. ಮರುದಿನ ಒಂದು ಸೆಕ್ಷನ್ ಬದಲಾಯಿಸಿದಳು.

---

ಮಲೆನಾಡ ಹುಡುಗಿ · ಸೋಮವಾರ ಬೆಳಿಗ್ಗೆ 10:10

ನಮಸ್ತೆ. ನಾನು ಶಿವಮೊಗ್ಗದವಳು, ಈ ವರ್ಷ ಸೆಕೆಂಡ್ ಪಿಯು ಮುಗಿಸಿದೆ. ಎಫ್-1 ಸ್ಟೂಡೆಂಟ್ ವೀಸಾದಲ್ಲಿ ಒಹಾಯೋಗೆ ಹೋಗುತ್ತಿದ್ದೇನೆ. ನನ್ನ ಓರಿಯೆಂಟೇಶನ್ ಆನ್‌ಲೈನ್, ಅಲ್ಲಿನ ಬೆಳಿಗ್ಗೆ 9 ಅಂದರೆ ನಮಗೆ ಸಂಜೆ ಆರೂವರೆ. ಎರಡು ಅನುಮಾನ ಇದೆ. ನನ್ನನ್ನು ಪ್ರಿಕ್ಯಾಲ್ಕುಲಸ್‌ಗೆ ಹಾಕಿದ್ದಾರೆ. ಪಿಯುನಲ್ಲಿ ಡಿಫರೆನ್ಸಿಯೇಶನ್, ಇಂಟಿಗ್ರೇಶನ್ ಎಲ್ಲ ಮಾಡಿದ್ದೇನೆ. ಇನ್ನೊಂದು, ಎರಡು ಕ್ಲಾಸ್ ಆನ್‌ಲೈನ್‌ನಲ್ಲಿ ಮಾತ್ರ ಸೀಟಿದೆ. ತಗೋಬಹುದಾ? ನಮ್ಮ ಮನೆಯಲ್ಲಿ ಇದನ್ನೆಲ್ಲ ಕೇಳೋಕೆ ಯಾರೂ ಇಲ್ಲ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

---

ಧಾರವಾಡದಾಕಿ · ಸೋಮವಾರ ಮಧ್ಯಾಹ್ನ 12:30

ಕೇಳಿದ್ದು ಒಳ್ಳೇದಾಯ್ತು ತಂಗಿ. ಎಪಿ, ಎಸ್ಎಟಿ ಸ್ಕೋರ್ ಇಲ್ಲದಿದ್ದರೆ ಸಿಸ್ಟಮ್ ಕೆಳಗಿನ ಲೆಕ್ಕದ ಕ್ಲಾಸಿಗೆ ಹಾಕೋದು ಸಾಮಾನ್ಯ. ನಿನ್ನ ಪಿಯು ಅದಕ್ಕೆ ಕಾಣೋದಿಲ್ಲ. ಮ್ಯಾಥ್ ಪ್ಲೇಸ್‌ಮೆಂಟ್ ಪರೀಕ್ಷೆ ಇದೆಯಾ ಕೇಳು. ತುಂಬಾ ಕಡೆ ಅಲೆಕ್ಸ್ ಅನ್ನೋ ಆನ್‌ಲೈನ್ ಪರೀಕ್ಷೆ ಇರುತ್ತದೆ, ನೂರಕ್ಕೆ ಇಷ್ಟು ಬಂದರೆ ಕ್ಯಾಲ್ಕುಲಸ್ ಅಂತ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ನಡುವೆ ಅಭ್ಯಾಸಕ್ಕೂ ಅದರಲ್ಲೇ ಪಾಠ ಇರುತ್ತದೆ. ಟ್ರಿಗನಾಮೆಟ್ರಿ, ಲಾಗರಿದಮ್ ಒಂದು ಸಲ ತಿರುವಿ ಹಾಕಿ ಕೂತುಕೋ. ರಿಜಿಸ್ಟ್ರೇಶನ್‌ಗೆ ಮುಂಚೆ ಮುಗಿಸು.

ಆನ್‌ಲೈನ್ ವಿಷಯದಲ್ಲಿ ಹುಷಾರು. ಎಫ್-1ನಲ್ಲಿ ಡಿಗ್ರಿ ಓದುವವರಿಗೆ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಬೇಕು. ಆ 12ರ ಲೆಕ್ಕಕ್ಕೆ ಪೂರ್ತಿ ಆನ್‌ಲೈನ್ ಕ್ಲಾಸು ಒಂದು ಮಾತ್ರ, 3 ಕ್ರೆಡಿಟ್‌ವರೆಗೆ ಸೇರುತ್ತದೆ. ಅಂದರೆ 9 ಕ್ರೆಡಿಟ್ ಆದರೂ ಎದುರು ಕೂತು ಓದುವ ಕ್ಲಾಸ್ ಆಗಿರಬೇಕು. ಕ್ಲಾಸ್ ಡ್ರಾಪ್ ಮಾಡಿ 12ರ ಕೆಳಗೆ ಇಳಿಯುವ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಬೇಕೇ ಬೇಕು. ಆಮೇಲೆ ಹೇಳಿದರೆ ವೀಸಾಕ್ಕೆ ತೊಂದರೆ. ಲಸಿಕೆ ಕಾಗದ, ಮಾರ್ಕ್ಸ್ ಕಾರ್ಡ್ ಎಲ್ಲ ಈಗಲೇ ಕಳಿಸು. ಫ್ರಿಸ್ಕೋ ಮೇಡಂಗೆ ಆದ ಹಾಗೆ ಆಗದಿರಲಿ. ಅವರು ಡಾಕ್ಟರಿಗೆ ಫೋನ್ ಮಾಡಿದರು. ನಿನಗೆ ಆ ಹೊತ್ತಿಗೆ ಶಿವಮೊಗ್ಗದಲ್ಲಿ ಕ್ಲಿನಿಕ್ ಬಾಗಿಲು ಹಾಕಿರುತ್ತದೆ.

---

ಮೂರನೇ ವರ್ಷ · ಸೋಮವಾರ ಮಧ್ಯಾಹ್ನ 1:45

ಇಲ್ಲಿ ಓದುವ ಕನ್ನಡದ ಮಕ್ಕಳಿಗೆ ಒಂದು ಮಾತು. ನಿಮ್ಮ ಡಿಗ್ರಿಗೆ ಬೇರೆ ಭಾಷೆ ಕಲಿಯಬೇಕು ಅಂತಿದ್ದರೆ ಕನ್ನಡ ನಡೆಯುತ್ತಾ ಅಂತ ಕೇಳಿ. ಅವಾಂಟ್ ಕಂಪನಿಯ ಸ್ಟ್ಯಾಂಪ್ ಅನ್ನೋ ಭಾಷಾ ಪರೀಕ್ಷೆ ಕನ್ನಡದಲ್ಲೂ ಇದೆ, ಬರೆಯೋದು ಮಾತಾಡೋದು ಎರಡೂ. ಒಪ್ಪುವ ಕಾಲೇಜಾದರೆ ಆ ಎರಡು ಮೂರು ಸೆಮಿಸ್ಟರಿನ ಜಾಗ ಖಾಲಿ ಆಗುತ್ತದೆ.

---

ಫ್ರಿಸ್ಕೋ ಅಮ್ಮ · ಸೋಮವಾರ ರಾತ್ರಿ 9:30

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಕ್ಕ, ಸಂಜೆ ಊಟ ಆದ ಮೇಲೆ ಮಗಳ ಜೊತೆ ಕೂತು ಕ್ಯಾಟಲಾಗ್ ತೆರೆದೆ. ನೀವು ಹೇಳಿದ ಸಣ್ಣ ಅಕ್ಷರ ಇತ್ತು. ಲ್ಯಾಬು ಕ್ಲಾಸಿನ ಜೊತೆ ಅಥವಾ ಕ್ಲಾಸ್ ಮುಗಿದ ಮೇಲೆ ತಗೋಬಹುದು.

ಮಗಳು ಹೇಳಿದಳು, ‘ಅಮ್ಮ, ಇದು ನನಗೆ ಶುಕ್ರವಾರವೇ ಗೊತ್ತಿತ್ತು, ಅಡ್ವೈಸರ್ ಹೇಳಿದ್ದರು. ನೀವಿಬ್ಬರೂ ಕಾರಿನಲ್ಲಿ ನನ್ನನ್ನು ಕೇಳಲೇ ಇಲ್ಲ.’ ನಿಜ. ಮೂರು ಗಂಟೆ ದಾರಿಯಲ್ಲಿ ನಾವು ಲ್ಯಾಬ್ ಹೋಯಿತು, ಈಗ ಹೇಗೆ, ಯಾರನ್ನು ಕೇಳೋದು ಅಂತ ನಮ್ಮ ನಮ್ಮಲ್ಲೇ ಮಾತಾಡಿಕೊಂಡೆವು. ಅವಳು ಹಿಂದಿನ ಸೀಟಿನಲ್ಲಿ ಕಿಟಕಿ ಕಡೆ ನೋಡುತ್ತಾ ಕೂತಿದ್ದಳು. ನನಗೆ ತುಂಬಾ ಬೇಜಾರಾಯಿತು. ಅವಳ ಕೈ ಹಿಡಿದು ಸಾರಿ ಹೇಳಿದೆ.

ಅವಳ ಹತ್ತಿರ ಒಂದು ನೋಟ್‌ಬುಕ್ ಇದೆ. ಎಡಗಡೆ ಬೇಕಾದ ಸೆಕ್ಷನ್ನು, ಬಲಗಡೆ ಅದು ಸಿಗದಿದ್ದರೆ ಎರಡನೆಯದು, ಮೂರನೆಯದು. ಲ್ಯಾಬಿಗೂ ಮೂರು ಬರೆದುಕೊಂಡಿದ್ದಳು. ಹೋಲ್ಡ್ ಇಲ್ಲದಿದ್ದರೆ ಮೊದಲನೆಯದೇ ಸಿಗುತ್ತಿತ್ತು. ಆ ಲಸಿಕೆಯ ಕಾಗದ ಅಪ್‌ಲೋಡ್ ಮಾಡಿದ್ದು ನಾನು. ಅದಕ್ಕೇ ಇನ್ನೂ ಸಂಕಟ.

14 ಕ್ರೆಡಿಟ್ ಇರಲಿ ಅಂತ ಅವಳ ಅಪ್ಪನೂ ಒಪ್ಪಿದರು. ಆರು ಡ್ರಾಪ್ ನಿಯಮ ಓದಿದ ಮೇಲೆ ಅವರೇ ‘ಬೇಡ ಬಿಡು’ ಅಂದರು. ಎಪಿ ಕೆಮಿಸ್ಟ್ರಿ ಮುಟ್ಟಿಲ್ಲ. ಹಿಸ್ಟರಿ, ಇಂಗ್ಲಿಷ್ ಕ್ರೆಡಿಟ್ ತಗೊಳ್ಳುತ್ತಾಳೆ. ಕ್ಯಾಲ್ಕುಲಸ್ 1ರ ಹಳೇ ಫೈನಲ್ ಒಂದನ್ನು ಪ್ರಿಂಟ್ ತೆಗೆದುಕೊಂಡಿದ್ದಾಳೆ, ಶನಿವಾರ ಮಾಡುತ್ತಾಳಂತೆ.

---

ಫ್ರಿಸ್ಕೋ ಅಮ್ಮ · ಆಗಸ್ಟ್, ಬುಧವಾರ ಬೆಳಿಗ್ಗೆ 8:15

ಕೇಳಿದವರಿಗೆಲ್ಲ ಒಂದು ಸುದ್ದಿ. ನಿನ್ನೆ ಫೀಸು ಕಟ್ಟಲು ಕೊನೇ ದಿನ ಇತ್ತು. ಇವತ್ತು ಬೆಳಿಗ್ಗೆ ಏಳಕ್ಕೆ ಮಗಳು ಹಾಸ್ಟೆಲಿನಿಂದ ಮೆಸೇಜ್ ಮಾಡಿದಳು. ವೇಟ್‌ಲಿಸ್ಟ್‌ನಲ್ಲಿದ್ದ ಸೆಕ್ಷನ್ ಅಲ್ಲ, ಅವಳ ನೋಟ್‌ಬುಕ್ಕಿನ ಮೂರನೆಯದು ತೆರೆದಿತ್ತಂತೆ. ಶುಕ್ರವಾರ ಮಧ್ಯಾಹ್ನ 2ರಿಂದ 5. ತಗೊಂಡಿದ್ದಾಳೆ.

ಶುಕ್ರವಾರದ ಲ್ಯಾಬ್ ಅಂದರೆ ವಾರಾಂತ್ಯಕ್ಕೆ ಮನೆಗೆ ಬರುವಾಗ ರಾತ್ರಿ ಒಂಬತ್ತಾಗುತ್ತದೆ. ಬೇರೆ ದಿನದ್ದು ಬರುವವರೆಗೆ ನೋಡೋಣ ಅಂತ ನನ್ನ ಬಾಯಿಗೆ ಬಂತು. ಟೈಪ್ ಮಾಡಲಿಲ್ಲ. ‘ಒಳ್ಳೇದಾಯ್ತು ಪುಟ್ಟಿ’ ಅಂತ ಕಳಿಸಿದೆ.

ಮಲೆನಾಡ ಹುಡುಗಿ, ನಿನ್ನ ಮ್ಯಾಥ್ ಪ್ಲೇಸ್‌ಮೆಂಟ್ ಏನಾಯಿತಮ್ಮ?

---

ಮಲೆನಾಡ ಹುಡುಗಿ · ಬುಧವಾರ ಬೆಳಿಗ್ಗೆ 9:05

ಆಂಟಿ, ಮೊದಲ ಸಲ ಬರಲಿಲ್ಲ, ಎರಡನೇ ಸಲ ಬಂತು. ಕ್ಯಾಲ್ಕುಲಸ್ 1 ಸಿಕ್ಕಿದೆ. ಆನ್‌ಲೈನ್ ಒಂದೇ ಕ್ಲಾಸ್ ಇಟ್ಟುಕೊಂಡೆ, ಇನ್ನೊಂದರ ಬದಲು ಸೋಷಿಯಾಲಜಿ ತಗೊಂಡೆ. ಒಟ್ಟು 13. ಇಲ್ಲಿಗೆ ಬಂದು ನಾಲ್ಕು ದಿನ ಆಯಿತು. ಟಿಬಿ ಪರೀಕ್ಷೆಗೆ ಒಂದು ಹೋಲ್ಡ್ ಇದೆ, ಈಗ ಹೆಲ್ತ್ ಸೆಂಟರ್ ಮುಂದೆ ಸರದಿಯಲ್ಲಿ ನಿಂತು ಇದನ್ನು ಬರೆಯುತ್ತಿದ್ದೇನೆ. ನನ್ನ ಮುಂದೆ ಇನ್ನು ಮೂರು ಜನ.